ಜನ ಕುಣಿಯುತ್ತಾರೆ, ಆದರೆ ಮತ್ತೆ ಬರುವುದಿಲ್ಲ: ನಮ್ಮ ರೆಗೇ-ರಾಕ್ ಬ್ಯಾಂಡಿಗೆ ದಾರಿ ಹೇಳಿ

ಬಾಸ್‌_ರಿವೈಂಡಿಂಗ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಹೇಳಿ.

ಹಗಲು ನನ್ನದು ಮೋಟಾರ್ ರಿವೈಂಡಿಂಗ್ ಕೆಲಸ. ಗೋಕುಲ ರೋಡಿನ ಕಡೆ ಅಂಗಡಿ. ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ ಮೋಟಾರು, ಸುಟ್ಟು ಕರಕಲಾದದ್ದೆಲ್ಲ ನಮ್ಮ ಹತ್ತಿರ ಬರುತ್ತವೆ. ಸಂಜೆ ಏಳೂವರೆಗೆ ಶಟರ್ ಅರ್ಧ ಇಳಿಸಿ, ಹಿಂದಿನ ಗೋಡೌನಿನಲ್ಲಿ ಬಾಸ್ ಗಿಟಾರ್ ಹಿಡಿಯುತ್ತೇನೆ. ನಾವು ಐದು ಜನ. ಡ್ರಮ್ಮರ್ ಕೊರಿಯರ್ ಆಫೀಸಿನಲ್ಲಿ ಇದ್ದಾನೆ. ಕೀಬೋರ್ಡಿನವಳು ಚರ್ಚ್ ಕ್ವಾಯರಿನಲ್ಲಿ ಕಲಿತವಳು. ಹಾಡುವವರು ಕುಂದಗೋಳ ತಾಲೂಕಿನ ಒಂದು ಶಾಲೆಯ ಮೇಷ್ಟ್ರು. ಗಿಟಾರಿನ ಇಬ್ಬರೂ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಾರೆ.

ಹುಬ್ಬಳ್ಳಿಯವರು ರೆಗೇಗೆ ಹೇಗೆ ಬಂದಿರಿ ಅಂತ ಎಲ್ಲರೂ ಕೇಳುತ್ತಾರೆ. ಒಬ್ಬ ಗೆಳೆಯ ಕೊಟ್ಟ ಪೆನ್ ಡ್ರೈವಿನಲ್ಲಿ ಬಾಬ್ ಮಾರ್ಲಿಯ ಬ್ಯಾಂಡ್ ವೇಲರ್ಸ್ ಹಾಡುಗಳಿದ್ದವು. ಅದರಲ್ಲಿ ಬ್ಯಾರೆಟ್ ಅಣ್ಣ ತಮ್ಮ ಇಬ್ಬರು ನುಡಿಸುತ್ತಾರೆ, ಅಣ್ಣ ಬಾಸ್, ತಮ್ಮ ಡ್ರಮ್ಸ್. ನಾನು ಕೇಳಿದ ಬೇರೆ ಹಾಡುಗಳಲ್ಲಿ ಬಾಸ್ ಹಿಂದೆಲ್ಲೋ ನಿಂತಿರುತ್ತಿತ್ತು. ಇದರಲ್ಲಿ ಬಾಸೇ ಹಾಡನ್ನು ಕೈ ಹಿಡಿದು ನಡೆಸುತ್ತದೆ. ಆ ರಾತ್ರಿ ನಾನು ಮಲಗಲಿಲ್ಲ. 1960ರ ದಶಕದ ಕೊನೆಗೆ ಜಮೈಕಾದಲ್ಲಿ ಹುಟ್ಟಿದ ಸಂಗೀತ ರೆಗೇ, ಅಲ್ಲಿನ ಹಿಂದಿನ ಕುಣಿತದ ಸಂಗೀತಗಳಾದ ಸ್ಕಾ ಮತ್ತು ರಾಕ್‌ಸ್ಟೆಡಿಯಿಂದ ಬೆಳೆದದ್ದು. ನಾವು ಅದಕ್ಕೆ ಗಿಟಾರಿನ ರಾಕ್ ಗಡಸು ಸೇರಿಸಿದ್ದೇವೆ. ಪಲ್ಲವಿಗೆ ಬಂದಾಗ ಗಿಟಾರು ಜೋರಾಗುತ್ತದೆ, ಚರಣದಲ್ಲಿ ಮತ್ತೆ ತೂಗುವ ನಡೆ.

ನಮ್ಮವೇ ಒಂಬತ್ತು ಹಾಡುಗಳಿವೆ. ಏಳು ಕನ್ನಡದಲ್ಲಿ. ಒಂದು ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದ ಅಣ್ಣನ ಬಗ್ಗೆ. ನಮ್ಮ ಕಡೆ ಯಾವ ಊರಿನಲ್ಲಿ ಅಂಥ ಅಣ್ಣ ಇಲ್ಲ ಹೇಳಿ? ನನ್ನ ದೊಡ್ಡಪ್ಪನ ಮಗನೇ ಹನ್ನೊಂದು ವರ್ಷದಿಂದ ಅಲ್ಲಿದ್ದಾನೆ.

ಈಗ ತೊಂದರೆಗೆ ಬರುತ್ತೇನೆ. ಒಂದೂವರೆ ವರ್ಷದಲ್ಲಿ ಹದಿನಾಲ್ಕು ಶೋ ಮಾಡಿದ್ದೇವೆ. ಗದಗಿನಲ್ಲಿ ಒಂದು ಕಾಲೇಜಿನ ಗ್ಯಾದರಿಂಗ್, ಹಾವೇರಿ, ರಾಣೆಬೆನ್ನೂರು, ಎರಡು ಗಣಪತಿ ಪೆಂಡಾಲು, ವಿದ್ಯಾನಗರದ ಒಂದು ಕೆಫೆ, ಒಂದು ರಿಸೆಪ್ಶನ್, ಅಣ್ಣಿಗೇರಿ ಕಡೆಯ ಒಂದು ಜಾತ್ರೆ. ಹನ್ನೊಂದು ಊರು. ಎಲ್ಲ ಕಡೆ ಜನ ಕುಣಿದಿದ್ದಾರೆ, ಸುಳ್ಳು ಹೇಳುತ್ತಿಲ್ಲ. ಗದಗಿನಲ್ಲಿ ನಾನೂರು ಹುಡುಗರು ಕುರ್ಚಿ ಮೇಲೆ ಹತ್ತಿ ನಿಂತಿದ್ದರು. ಪ್ರಿನ್ಸಿಪಾಲರು ಬಂದು ಇಳಿಸಬೇಕಾಯಿತು. ಒಂದೇ ತಿಂಗಳಿಗೆ ಅದೇ ಗದಗಿನಲ್ಲಿ ನಾವೇ ಹಾಲ್ ಹಿಡಿದು, ಮೂವತ್ತು ರೂಪಾಯಿ ಟಿಕೆಟ್ ಇಟ್ಟು ಶೋ ಮಾಡಿದೆವು. ಬಂದವರು ಏಳು ಜನ. ಅದರಲ್ಲಿ ಮೂವರು ಡ್ರಮ್ಮರನ ಸಂಬಂಧಿಕರು. ಏಳೂ ಜನಕ್ಕೆ ಒಂಬತ್ತೂ ಹಾಡು ನುಡಿಸಿದೆವು. ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ದುಡ್ಡಿನದ್ದೂ ಹೇಳಿಬಿಡುತ್ತೇನೆ. ಒಂದು ಕಡೆ ಹನ್ನೆರಡು ಸಾವಿರ ಮಾತಾಡಿ ನಾಲ್ಕು ಸಾವಿರ ಕೊಟ್ಟು ಕಳಿಸಿದರು. ಟಾಟಾ ಏಸ್ ಬಾಡಿಗೆ, ಡ್ರಮ್ ಸೆಟ್ ಬಾಡಿಗೆ ಕಳೆದರೆ ಊಟಕ್ಕೂ ಉಳಿಯಲಿಲ್ಲ. ಅದು ಹೋಗಲಿ. ದುಡ್ಡು ಇವತ್ತಲ್ಲ ನಾಳೆ ದುಡಿಯಬಹುದು. ನಮ್ಮ ಹಾಡು ಕೇಳಿ ಮನಸ್ಸಿಗೆ ಹಿಡಿಸಿಕೊಂಡವರು ಎಲ್ಲಿ ಹೋಗುತ್ತಾರೆ? ಎರಡನೇ ಸಲ ಯಾಕೆ ಬರುವುದಿಲ್ಲ? ಬೆಂಗಳೂರಿಗೆ ಹೋಗಿ ಅಂತ ಹೇಳಬೇಡಿ. ನಮ್ಮ ಮನೆ, ಕೆಲಸ, ಹಾಡು ಎಲ್ಲ ಇಲ್ಲೇ ಇವೆ.

---

ಹಳೆ_ಕ್ಯಾಸೆಟ್

ಸಿನಿಮಾ ಹಾಡು ಹಾಕಿ ತಮ್ಮಾ. ಹತ್ತರಲ್ಲಿ ಎಂಟು ಸಿನಿಮಾ ಹಾಡು, ಎರಡು ನಿಮ್ಮದು. ಜನಕ್ಕೆ ಗೊತ್ತಿದ್ದದ್ದೇ ಬೇಕು.

---

ಬಾಸ್‌_ರಿವೈಂಡಿಂಗ್, ಹುಬ್ಬಳ್ಳಿ

ಅಣ್ಣಾ, ರಿಸೆಪ್ಶನ್ ಶೋದಲ್ಲಿ ಹಾಗೇ ಮಾಡಿದೆವು. ಜನ ತುಂಬಾ ಖುಷಿಪಟ್ಟರು. ಆದರೆ ಆ ಎಂಟು ಹಾಡು ಕೇಳೋಕೆ ಅವರಿಗೆ ನಾವೇ ಬೇಕಾಗಿಲ್ಲ, ಯಾವ ಆರ್ಕೆಸ್ಟ್ರಾ ಆದರೂ ಸಾಕು. ನಿಮ್ಮ ಮಾತು ತೆಗೆದುಹಾಕುತ್ತಿಲ್ಲ, ನಮಗೆ ಆದದ್ದನ್ನು ಹೇಳುತ್ತಿದ್ದೇನೆ.

---

ಕೆಹರ್ವಾ_ಗದಗ

ನಾನು ತಬಲಾ ಕಲಿಸುತ್ತೇನೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು. ಆ ಗ್ಯಾದರಿಂಗಿನಲ್ಲಿ ನನ್ನ ಮಗಳು ಇದ್ದಳು, ವಿಡಿಯೋ ತಂದು ತೋರಿಸಿದಳು. ನೀವು ಬರೆದದ್ದು ಓದಿ ಮತ್ತೆ ಮೂರು ಸಲ ನೋಡಿದೆ. ನಿಮಗೆ ಒಂದು ವಿಷಯ ಹೇಳಬೇಕು.

ವಿಡಿಯೋದಲ್ಲಿ ಹುಡುಗರ ಚಪ್ಪಾಳೆ ನೋಡಿ. ಶುರುವಿನಲ್ಲಿ ಚಪ್ಪಾಳೆ ಹಾಕುತ್ತಾರೆ. ಅರ್ಧ ನಿಮಿಷಕ್ಕೆ ನಿಲ್ಲಿಸುತ್ತಾರೆ. ಪಲ್ಲವಿಯಲ್ಲಿ ಗಿಟಾರ್ ಜೋರಾದಾಗ ಕುಣಿಯುತ್ತಾರೆ, ಮತ್ತೆ ಚರಣ ಬಂದರೆ ಕೈ ಕೆಳಗೆ. ಯಾಕೆ ಗೊತ್ತಾ? ನಾಲ್ಕು ಎಣಿಸಿ. ಒಂದರ ಮೇಲೆ ನಿಮ್ಮ ಡ್ರಮ್ಮರ್ ಏನೂ ಹೊಡೆಯುವುದಿಲ್ಲ. ಎರಡಕ್ಕೆ ಗಿಟಾರ್ 'ಚಕ್' ಅನ್ನುತ್ತದೆ. ಮೂರಕ್ಕೆ ಡ್ರಮ್ಮಿನ ಭಾರದ ಏಟು. ನಾಲ್ಕಕ್ಕೆ ಮತ್ತೆ ಗಿಟಾರ್. ಇದನ್ನೇ ಒನ್ ಡ್ರಾಪ್ ಅನ್ನುತ್ತಾರಲ್ವಾ?

ಈಗ ನಮ್ಮ ಭಜನೆಯ ಕೆಹರ್ವಾ ತಾಳ ತೊಗೊಳ್ಳಿ. ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ. ಧಾ ಗೆ ನಾ ತಿ, ನಾ ಕ ಧಿ ನಾ. ಒಂದನೇ ಮಾತ್ರೆ ಸಮ, ತಾಳ ಶುರುವಾಗುವ ಭಾರದ ಜಾಗ. ಐದನೇ ಮಾತ್ರೆ ಖಾಲಿ, ಅಲ್ಲಿ ಭಾರ ಇಲ್ಲ. ನಿಮ್ಮ ನಾಲ್ಕನ್ನು ಎಂಟು ಮಾಡಿ ಎಣಿಸಿದರೆ ನಿಮ್ಮ ಮೂರನೇ ಏಟು ಸರಿಯಾಗಿ ಐದನೇ ಮಾತ್ರೆಯ ಮೇಲೆ ಬೀಳುತ್ತದೆ. ಅಂದರೆ ನಮ್ಮ ಖಾಲಿ ಇರುವ ಕಡೆ ನಿಮ್ಮ ಭಾರ. ನಮ್ಮ ಸಮ ಇರುವ ಕಡೆ ನಿಮ್ಮದು ಖಾಲಿ. ನಾನು ಇದನ್ನು ಕಂಡುಕೊಂಡಾಗ ಒಬ್ಬನೇ ಕೂತು ಎಷ್ಟೊತ್ತು ತಬಲಾ ಮೇಲೆ ನುಡಿಸಿದೆನೋ. ಬಹಳ ಚಂದ ಇದೆ. ಆದರೆ ನಮ್ಮ ಜನ ಹುಟ್ಟಿದಾಗಿಂದ ಭಜನೆ ಕೇಳಿದವರು. ಅವರ ಕೈ ಸಮಕ್ಕೆ ಕಾಯುತ್ತದೆ. ನೀವು ಸಮವನ್ನು ಬಿಟ್ಟುಬಿಟ್ಟರೆ ಅವರಿಗೆ ಕಾಲಿಡಲು ಮೆಟ್ಟಿಲೇ ಸಿಗುವುದಿಲ್ಲ. ಹಾಡು ಹಿಡಿಸುತ್ತದೆ, ಆದರೆ ಮೈಗೆ ಹತ್ತುವುದಿಲ್ಲ. ಮನೆಗೆ ಹೋದ ಮೇಲೆ ಗುನುಗಲು ಬರುವುದಿಲ್ಲ.

ನಿಮ್ಮ ತಾಳ ಬದಲಿಸಿ ಅಂತ ಹೇಳುತ್ತಿಲ್ಲ. ಬದಲಿಸಿದರೆ ಅದು ರೆಗೇನೇ ಅಲ್ಲ. ಒಂದು ಕೆಲಸ ಮಾಡಿ. ಮೊದಲ ಹಾಡನ್ನು ಸಮ ಕೊಟ್ಟು ಶುರು ಮಾಡಿ. ಬರೀ ಬಾಸು, ಕಂಠ, ಜೊತೆಗೆ ಒಂದು ಜೋಡಿ ತಾಳ. ಎಂಟು ಸುತ್ತು ಹಾಗೇ ನಡೆಯಲಿ, ಜನ ಚಪ್ಪಾಳೆ ಹಿಡಿಯಲಿ. ಆಮೇಲೆ ಡ್ರಮ್ಮರ್ ಮೂರನೇ ಏಟಿಗೆ ಬರಲಿ. ಆಗ ಜನರ ಚಪ್ಪಾಳೆಯೇ ನಿಮ್ಮ ಸಮ ಆಗುತ್ತದೆ, ನೀವು ಬಿಟ್ಟ ಜಾಗವನ್ನು ಅವರು ತುಂಬುತ್ತಾರೆ.

ಶುರುವಿನ ಹಾಡಿಗೆ ಶಿಶುನಾಳ ಶರೀಫರ ಒಂದು ತತ್ವಪದ ಆರಿಸಿಕೊಳ್ಳಬಹುದು. ನಮ್ಮ ಹಾವೇರಿ ಜಿಲ್ಲೆಯವರೇ, 1889ರಲ್ಲಿ ತೀರಿಕೊಂಡವರು. ಬರೆದವರು ತೀರಿಕೊಂಡು ಅರವತ್ತು ವರ್ಷ ದಾಟಿದರೆ ಸಾಹಿತ್ಯಕ್ಕೆ ಹಕ್ಕಿನ ತಕರಾರು ಇರುವುದಿಲ್ಲ. ಆದರೆ ಧಾಟಿ ನಿಮ್ಮದೇ ಇರಲಿ. ಸಿ. ಅಶ್ವತ್ಥ್ ಅವರಂಥವರು ಕೂಡಿಸಿದ ಧಾಟಿಗೆ ಬೇರೆ ಹಕ್ಕಿದೆ. ಹಳ್ಳಿಯ ಭಜನಿ ಮೇಳದವರ ಹತ್ತಿರ ಕೂತು ಕೇಳಿ, ಅವರಿಂದ ಕಲಿತು ಕಟ್ಟಿ.

---

ಸಪ್ತಾಪುರ_ರೂಮ್‌ಮೇಟ್, ಧಾರವಾಡ

ನಾನು ನಿಮ್ಮ ಶೋಗೆ ಮೂರು ಸಲ ಬಂದಿದ್ದೇನೆ! ಕರ್ನಾಟಕ ವಿಶ್ವವಿದ್ಯಾಲಯದಲ್ಲಿ (ಕೆಯುಡಿ) ಎಂಎ ಓದುತ್ತಿದ್ದೇನೆ, ಊರು ನರಗುಂದ. ಕೇಳುವವಳಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಸಲ ಗಣಪತಿ ಪೆಂಡಾಲಿನಲ್ಲಿ ಕೇಳಿದೆ. ಗೋವಾದ ಹಾಡಿಗೆ ನನಗೆ ಅಳು ಬಂತು. ನಮ್ಮ ಮಾವ ಅಲ್ಲಿದ್ದಾರೆ. ರೂಮಿಗೆ ಬಂದು ಹುಡುಕಿದೆ. ಆದರೆ ಏನಂತ ಹುಡುಕಬೇಕು? ನೀವು ಒಂದೂವರೆ ತಾಸು ನುಡಿಸಿದಿರಿ, ಬ್ಯಾಂಡಿನ ಹೆಸರು ಒಂದೇ ಸಲ ಹೇಳಿದಿರಿ, ಅದೂ ಶುರುವಿನಲ್ಲಿ ಮೈಕ್ ಕೀಂಯ್ ಅಂದಾಗ. ಹಿಂದಿನ ಬ್ಯಾನರಿನಲ್ಲಿ ಪೆಂಡಾಲಿನವರ ಫೋಟೋಗಳಿದ್ದವು, ನಿಮ್ಮ ಹೆಸರಿರಲಿಲ್ಲ. ಮತ್ತೆ ನಿಮ್ಮನ್ನು ಹುಡುಕಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಎಲ್ಲರೂ ಅಷ್ಟು ಹುಡುಕುವುದಿಲ್ಲ.

ಎರಡನೇ ಸಲ ವಿದ್ಯಾನಗರದ ಕೆಫೆ. ಏಳಕ್ಕೆ ಅಂದಿದ್ದಿರಿ, ಶುರುವಾದದ್ದು ಎಂಟೂ ಮುಕ್ಕಾಲಿಗೆ. ನಾವು ನಾಲ್ಕು ಹುಡುಗಿಯರು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದಿದ್ದೆವು. ಹಾಸ್ಟೆಲ್ ಗೇಟ್ ಹಾಕುತ್ತಾರೆ. ಮೂರು ಹಾಡು ಕೇಳಿ ಎದ್ದು ಹೋದೆವು. ನೀವು ವೇದಿಕೆಯಿಂದ ನೋಡಿದ್ದರೆ ಇವರಿಗೆ ಹಿಡಿಸಲಿಲ್ಲ ಅಂದುಕೊಂಡಿರುತ್ತೀರಿ. ಹಾಗಲ್ಲ.

ಇನ್ನೊಂದು. ಹಾಡಿನ ಮಾತು ಕೇಳಿಸುವುದಿಲ್ಲ. ಬಾಸ್ ಎದೆಗೆ ಬಡಿಯುತ್ತದೆ, ಅದು ಚೆನ್ನಾಗಿದೆ, ಆದರೆ ಸರ್ ಏನು ಹಾಡುತ್ತಿದ್ದಾರೆ ಅಂತ ಅರ್ಧ ತಿಳಿಯುವುದಿಲ್ಲ. ಗೋವಾದ ಹಾಡು ಅರ್ಥವಾದದ್ದು ಅವತ್ತು ಅದನ್ನು ಮೆಲ್ಲಗೆ ನುಡಿಸಿದ್ದಕ್ಕೆ.

---

ಬಾಸ್‌_ರಿವೈಂಡಿಂಗ್, ಹುಬ್ಬಳ್ಳಿ

ತಂಗೀ, ಇದನ್ನು ಓದಿ ಎಲ್ಲರಿಗೂ ಫೋನ್ ಮಾಡಿ ಓದಿ ಹೇಳಿದೆ. ಕೆಫೆಯಲ್ಲಿ ತಡವಾದದ್ದು ನನ್ನಿಂದ. ಅಲ್ಲಿ ಅರ್ತಿಂಗ್ ಸರಿ ಇರಲಿಲ್ಲ. ಆಂಪ್ಲಿಫೈಯರ್ ಹಚ್ಚಿದರೆ ಹೂಂ ಅಂತ ಒಂದೇ ಸ್ವರ. ನಮ್ಮ ಕರೆಂಟು 50 ಹರ್ಟ್ಸ್, ಬಾಸಿನ ದಪ್ಪ ತಂತಿಯಲ್ಲಿ ಮೂರನೇ ಮನೆ ಒತ್ತಿದರೆ ಬರುವ ಸ್ವರ 49 ಹರ್ಟ್ಸ್. ಎರಡೂ ಒಂದರ ಪಕ್ಕ ಒಂದು ನಿಂತು ಜಗಳ ಆಡುತ್ತವೆ. ನಾನು ಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ವೋಲ್ಟೇಜ್ ನೋಡಿದೆ, ಹದಿನೆಂಟು ತೋರಿಸಿತು. ಅಷ್ಟಿದ್ದರೆ ಮೈಕಿಗೆ ತುಟಿ ತಾಗಿಸಿದ ಹಾಡುಗಾರನಿಗೆ ಶಾಕ್ ಹೊಡೆಯಬಹುದು. ಅದಕ್ಕೇ ಸರಿ ಮಾಡದೆ ಶುರು ಮಾಡಲಿಲ್ಲ. ಆದರೆ ಇದನ್ನೆಲ್ಲ ಹಿಂದಿನ ದಿನವೇ ನೋಡಬೇಕಿತ್ತು. ಕಾಯುತ್ತಿದ್ದವರಿಗೆ ಒಂದು ಮಾತೂ ಹೇಳಲಿಲ್ಲ. ಕ್ಷಮಿಸಿ.

---

ಪೇಟಿ_ಮಾಸ್ತರರ_ಮಗ, ಹಾವೇರಿ

ನಮ್ಮ ತಂದೆ ನಾಟಕ ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರಾಗಿದ್ದರು. ನಾನು ಹುಟ್ಟಿ ಬೆಳೆದದ್ದೇ ಕ್ಯಾಂಪುಗಳಲ್ಲಿ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಐದಾರು ಕಂಪನಿ ಟೆಂಟ್ ಹೊಡೆದು ತಿಂಗಳಗಟ್ಟಲೆ ನಾಟಕ ಆಡುತ್ತಿದ್ದವು. ಪಕ್ಕದ ಟೆಂಟಿನ ಪೇಟಿ ನಮ್ಮ ಟೆಂಟಿಗೆ ಕೇಳುತ್ತಿತ್ತು.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಹದಿನಾಲ್ಕು ಶೋ, ಹನ್ನೊಂದು ಊರು ಅಂತ ಬರೆದಿದ್ದೀರಿ. ಯಾವ ಕಂಪನಿಯೂ ಹೀಗೆ ಮಾಡುತ್ತಿರಲಿಲ್ಲ. ಒಂದು ಊರಿಗೆ ಹೋದರೆ ಕ್ಯಾಂಪ್ ಹಾಕುತ್ತಿದ್ದರು. ಮೊದಲ ವಾರ ಕುರ್ಚಿ ಖಾಲಿ. ಮಾಲೀಕರು ಹೆದರುತ್ತಿರಲಿಲ್ಲ. ಆಟೋಗೆ ಮೈಕ್ ಕಟ್ಟಿ ಊರೆಲ್ಲ ಕೂಗಿಸುತ್ತಿದ್ದರು ನಿಜ, ಆದರೆ ಟೆಂಟ್ ತುಂಬಿಸುತ್ತಿದ್ದವರು ಮೊದಲ ವಾರ ನೋಡಿ ಹೋದವರು. ಅವರು ಓಣಿಯಲ್ಲಿ ಹೇಳುತ್ತಿದ್ದರು, ಎರಡನೇ ವಾರ ಮನೆ ಮಂದಿಯನ್ನೆಲ್ಲ ಕರೆತರುತ್ತಿದ್ದರು. ಕಂಪನಿ ಅಷ್ಟರಲ್ಲಿ ಊರು ಬಿಟ್ಟಿದ್ದರೆ ಅವರು ಯಾರನ್ನು ಎಲ್ಲಿಗೆ ಕರೆತರಬೇಕು?

ನೀವು ಗದಗಿನಲ್ಲಿ ಏಳು ಜನ ಅಂತ ಬೇಸರ ಮಾಡಿಕೊಂಡಿರಿ. ಏಳು ಜನ ಬಂದದ್ದು ಮೊದಲ ವಾರ. ಎರಡನೇ ವಾರ ನೀವು ಅಲ್ಲಿ ಇರಲೇ ಇಲ್ಲ.

ನಮ್ಮ ಮಾಲೀಕರ ಇನ್ನೊಂದು ರೂಢಿ ಇತ್ತು. ನಾಟಕ ಶುರುವಾಗುವಾಗ ಗೇಟಿನಲ್ಲಿ ಯಾರು ಬೇಕಾದರೂ ನಿಂತಿರಲಿ, ಮುಗಿದಾಗ ಮಾತ್ರ ಅವರೇ ಬಂದು ನಿಲ್ಲುತ್ತಿದ್ದರು. ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಒಂದು ಮಾತೂ ಆಡದೆ. ಹೋಗುವ ಜನ ಏನು ಮಾತಾಡಿಕೊಳ್ಳುತ್ತಾರೆ ಅಂತ ಕೇಳಿಸಿಕೊಳ್ಳುತ್ತಿದ್ದರು. ಯಾವ ಹಾಡು ಗುನುಗುತ್ತಾ ಹೋಗುತ್ತಿದ್ದಾರೋ ಆ ಹಾಡಿಗೆ ಮರುದಿನ ಒನ್ಸ್‌ಮೋರ್ ಬಂದೇ ಬರುತ್ತದೆ ಅಂತ ನಮ್ಮ ತಂದೆಗೆ ಹೇಳಿ ಮಲಗುತ್ತಿದ್ದರು. ಒನ್ಸ್‌ಮೋರ್ ಬಂದರೆ ಮೂರು ಸಲ ಆದರೂ ಹಾಡಬೇಕು. ಸತ್ತು ಬಿದ್ದ ಪಾತ್ರದವನೂ ಎದ್ದು ಕೂತು ಹಾಡುತ್ತಿದ್ದ, ಮುಗಿದ ಮೇಲೆ ಮತ್ತೆ ಸಾಯುತ್ತಿದ್ದ. ನೀವು ಒಂಬತ್ತು ಹಾಡು ಮುಗಿಸಲೇಬೇಕು ಅಂತ ಓಡುತ್ತೀರಿ ಅನ್ನಿಸುತ್ತದೆ. ಜನ ಕೇಳಿದ ಒಂದು ಹಾಡನ್ನು ಎರಡು ಸಲ ನುಡಿಸಿ. ಎರಡನೇ ಸಲ ಅವರ ಬಾಯಿಗೆ ಬರುತ್ತದೆ.

ನಿಮ್ಮ ಹಾಡುವ ಮೇಷ್ಟ್ರು ಕುಂದಗೋಳ ತಾಲೂಕಿನಲ್ಲೇ ಇದ್ದಾರಲ್ಲ, ಅವರಿಗೆ ಗೊತ್ತಿರುತ್ತದೆ. ಅಲ್ಲಿನ ನಾಡಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಪ್ರತಿ ವರ್ಷ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಂಥವರು ಹಾಡಿದ ಜಾಗ. ಸಣ್ಣ ಊರು. ಆದರೆ ಜಾಗ ಗೊತ್ತು, ದಿನ ಗೊತ್ತು. ಜನ ತಾವಾಗಿಯೇ ಬರುತ್ತಾರೆ.

---

ಬಾಸ್‌_ರಿವೈಂಡಿಂಗ್, ಹುಬ್ಬಳ್ಳಿ

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಏನೇನು ಮಾಡಿದೆವು ಅಂತ ಹೇಳಲೇಬೇಕು.

ಪೇಟಿ ಮಾಸ್ತರರ ಕಥೆ ಓದಿದ ಮೇಲೆ ಎರಡು ದೂರದ ಶೋ ಬಿಟ್ಟೆವು. ಧಾರವಾಡದಲ್ಲಿ ಸಪ್ತಾಪುರದ ಹತ್ತಿರ ಒಂದು ಕರಾಟೆ ಕ್ಲಾಸಿನ ಹಾಲ್ ಸಿಕ್ಕಿತು. ಮೂರು ತಾಸಿಗೆ ಎಂಟು ನೂರು ರೂಪಾಯಿ. ತಿಂಗಳ ಕೊನೆಯ ಶನಿವಾರ, ಸಂಜೆ ಆರೂವರೆ, ಎಂಟಕ್ಕೆ ಮುಕ್ತಾಯ. ಹಾಸ್ಟೆಲಿನವರು ಆರಾಮಾಗಿ ಹೋಗಬಹುದು. ಟಿಕೆಟ್ ಐವತ್ತು. ನೆಲಕ್ಕೆ ದಪ್ಪ ಮ್ಯಾಟ್ ಇದೆ, ಅದರಿಂದ ಸೌಂಡು ಅಷ್ಟು ಗುಂಯ್ಗುಡುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಅದೊಂದು ಒಳ್ಳೆಯದೇ ಆಯಿತು, ಜನ ಮನೆಗೆ ಬಂದ ಹಾಗೆ ಕೂರುತ್ತಾರೆ.

ಮಾತು ಕೇಳಿಸುವುದಿಲ್ಲ ಅಂದಿರಲ್ಲ ತಂಗೀ, ಅದರ ಹಿಂದೆ ಒಂದು ವಾರ ಬಿದ್ದೆ. ಮದುವೆ, ಪೆಂಡಾಲಿನ ಸೌಂಡಿನವರು ಧಡ್ ಧಡ್ ಬರಲಿ ಅಂತ ಬಾಸ್ ಮೊದಲೇ ಏರಿಸಿಟ್ಟಿರುತ್ತಾರೆ. ಅದರ ಮೇಲೆ ನನ್ನ ಬಾಸು. ಈಗ ಅದನ್ನು ಇಳಿಸಿ, ನನ್ನ ಗಿಟಾರಿನ ಟೋನ್ ನಾಬ್ ಪೂರ್ತಿ ಕೆಳಗಿಳಿಸಿ, ತಂತಿಗಳ ಕೆಳಗೆ ಬ್ರಿಡ್ಜಿನ ಹತ್ತಿರ ಒಂದು ತುಂಡು ಸ್ಪಂಜು ಸಿಕ್ಕಿಸಿದ್ದೇನೆ. ಸ್ವರ ದುಂಡಗೆ ಬರುತ್ತದೆ, ಬೇಗ ಆರುತ್ತದೆ. ಆ ಬಿಡುವಿನಲ್ಲಿ ಮೇಷ್ಟ್ರ ಮಾತು ಸ್ಪಷ್ಟ ಕೇಳುತ್ತದೆ. ಕಪ್ಪು ಬಟ್ಟೆಯ ಮೇಲೆ ಬ್ಯಾಂಡಿನ ಹೆಸರು ಬಿಳಿ ಬಣ್ಣದಲ್ಲಿ ಬರೆಸಿ ಹಿಂದೆ ಕಟ್ಟುತ್ತೇವೆ. ಪ್ರತಿ ಮೂರು ಹಾಡಿಗೊಮ್ಮೆ ಹೆಸರು ಹೇಳುತ್ತೇವೆ, ಮುಂದಿನ ಶನಿವಾರದ ತಾರೀಖು ಹೇಳುತ್ತೇವೆ.

ಮೊದಲ ತಿಂಗಳು ಇಪ್ಪತ್ತಾರು ಜನ. ಎರಡನೇ ತಿಂಗಳು ನಲವತ್ತೊಂದು, ಅದರಲ್ಲಿ ಹದಿನೇಳು ಜನ ಮೊದಲೂ ಬಂದವರು. ಬಾಗಿಲಲ್ಲಿ ನೋಟ್‌ಬುಕ್ ಇಟ್ಟು ಹೆಸರು ಬರೆಸಿಕೊಂಡಿದ್ದಕ್ಕೆ ಗೊತ್ತಾಯಿತು. ಆ ಹದಿನೇಳು ಹೆಸರು ನನಗೆ ಬಾಯಿಪಾಠ ಆಗಿವೆ.

ಶೋ ಮುಗಿದ ಮೇಲೆ ಬಾಗಿಲ ಹತ್ತಿರ ನಾನೇ ನಿಲ್ಲುತ್ತೇನೆ. ಹೋದ ಸಲ ಒಬ್ಬ ತಾಯಿ ಬಂದಿದ್ದರು, ಇಳಕಲ್ ಸೀರೆ, ಮಗಳ ಜೊತೆ. ಚಪ್ಪಲಿ ಹುಡುಕುತ್ತಾ ಮಗಳಿಗೆ ಹೇಳುತ್ತಿದ್ದರು: "ಆ ಗೋವಾದ ಹಾಡು ನಮ್ಮ ಬಸ್ಸ್ಯಾಂದ ಆಗ್ಯದ ನೋಡು. ಅವಂಗ ಫೋನಿನ್ಯಾಗ ಹಚ್ಚಿ ಕೇಳಸಬೇಕಿತ್ತು." ನಾನು ಹಿಂದಿನಿಂದ ಹೋಗಿ, ಅವ್ವಾರ, ಮುಂದಿನ ಶನಿವಾರ ನೀವು ಫೋನ್ ಹಚ್ಚಿ ಹಿಡೀರಿ, ಆ ಹಾಡು ಎರಡು ಸಲ ನುಡಿಸುತ್ತೇವೆ ಅಂದೆ. ಅವರು ನನ್ನ ಕೈ ಹಿಡಿದು, ಬೆರಳ ತುದಿಯ ಗಂಟು ನೋಡಿ, ಇದು ಯಾವ ಕೆಲಸದ್ದು ಅಂತ ಕೇಳಿದರು. ಎರಡೂ ಕೆಲಸದ್ದು ಅಂದೆ.

ಗದಗಿನ ಸರ್, ತತ್ವಪದದಿಂದಲೇ ಶುರು ಮಾಡುತ್ತಿದ್ದೇವೆ. ಮೇಷ್ಟ್ರು ಅವರ ಶಾಲೆಯೂರಿನ ಭಜನಿಯವರ ಹತ್ತಿರ ಕೂತು ಕಲಿತು ಬಂದರು. ಚಪ್ಪಾಳೆ ಈಗ ನಿಲ್ಲುವುದಿಲ್ಲ. ಆದರೆ ಎಂಟು ಸುತ್ತು ಸಾಲುತ್ತಿಲ್ಲ ಅನ್ನಿಸಿ ಹನ್ನೆರಡು ಮಾಡಿದ್ದೇವೆ. ಸರಿನಾ?

---

ಕೆಹರ್ವಾ_ಗದಗ

ವಿಡಿಯೋದಲ್ಲಿ ನೋಡಿ ಹೇಳುವ ಮಾತಲ್ಲ ಇದು. ಈ ಶನಿವಾರ ಮಗಳನ್ನೂ ಕರೆದುಕೊಂಡು ಬರುತ್ತೇನೆ. ಜೊತೆಗೆ ನಮ್ಮ ಮನೆಯ ಹಿತ್ತಾಳೆ ತಾಳ ತರುತ್ತೇನೆ, ನಿಮ್ಮದು ಸ್ವಲ್ಪ ಕೀರಲು ಕೇಳುತ್ತದೆ. ಆರೂವರೆ ಅಂದರೆ ಆರೂವರೆಗೇ ಶುರು ಮಾಡಿ, ವಾಪಸ್ ಗದಗಿಗೆ ಬಸ್ ಹಿಡಿಯಬೇಕು.